ಹುಲ್ಲಿನ ಛಾವಣಿಯ ರೆಸಾರ್ಟು: ಕಾನೂನು, ತೆರಿಗೆ, ವಿಮೆ

ಹಂಪಿಯ ಪ್ರವಾಸಿಗರನ್ನು ನೆಚ್ಚಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದಲ್ಲಿ ರೆಸಾರ್ಟು ಕಟ್ಟಬಯಸುವವರಿಗೆ ಹುಲ್ಲಿನ ಛಾವಣಿ ಆಕರ್ಷಕವಾಗಿ ಕಾಣುವುದು ಸಹಜ. ಬಿಸಿಲಿಗೆ ತಂಪು, ಕಬ್ಬಿನ ಸೋಗೆ, ತೆಂಗಿನ ಗರಿಗಳನ್ನು ದೂರದಿಂದ ತರಬೇಕಾಗಿಲ್ಲ. ಆದರೆ ಹುಲ್ಲು ಹೊದಿಸಿದ ಮಾತ್ರಕ್ಕೆ ಕಟ್ಟಡವು ತಾತ್ಕಾಲಿಕವೆನಿಸದು.

ಹಂಪಿಯೆದುರು ತುಂಗಭದ್ರೆಯ ಆಚೆಗಿರುವ ವಿರೂಪಾಪುರಗಡ್ಡೆಯ ರೆಸಾರ್ಟುಗಳಲ್ಲಿ ಗುಡಿಸಲು ಮಾದರಿಯವು ಸಾಕಷ್ಟಿದ್ದವು. ಸಂರಕ್ಷಿತ ಪ್ರದೇಶದಲ್ಲಿನ ಅನಧಿಕೃತ ನಿರ್ಮಾಣಗಳೆಂದು ಅವುಗಳ ತೆರವಿನ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಯಂತ್ರಗಳು ಬಂದವು. ಹೂಡಿದ ಬಂಡವಾಳವು ಛಾವಣಿಯೊಂದಿಗೇ ಹೋಯಿತು. ಆದ್ದರಿಂದ ಭೂಪರಿವರ್ತನೆ, ಕಟ್ಟಡ ಪರವಾನಗಿ ಮೊದಲು, ಹುಲ್ಲು ಆಮೇಲೆ.

ಮರದ ಶೆಡ್ಡಿನಂಥ ಕೇವಲ ತಾತ್ಕಾಲಿಕ ರಚನೆಗಳಿಗೆ ಆದಾಯ ತೆರಿಗೆಯಲ್ಲಿ ದೊರೆಯುತ್ತಿದ್ದ ಶೇ. 100ರ ಸವಕಳಿಯು 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ಕಲ್ಲಿನ ಗೋಡೆ, ಕಾಂಕ್ರೀಟು ತಳಪಾಯದ ಮೇಲೆ ಸೋಗೆ ಹೊದಿಸಿ ಈ ದರವನ್ನು ಕೇಳುವುದು, ನನ್ನ ಅಭಿಪ್ರಾಯದಲ್ಲಿ, ವಾದಕ್ಕೆ ನಿಲ್ಲದು. ಅತ್ತ ಬೆಂಕಿ ವಿಮೆಯವರು ಅದೇ ಛಾವಣಿಯನ್ನು ಕಂಡು ಹೆಚ್ಚಿನ ಪ್ರೀಮಿಯಂ ಕೇಳುತ್ತಾರೆ. ಒಂದೇ ಕಟ್ಟಡ ತೆರಿಗೆಯವರಿಗೆ ಕಾಯಂ, ವಿಮೆಯವರಿಗೆ ಕಚ್ಚಾ! ಹುಲ್ಲಿನ ವಿಷಯ ಮುಚ್ಚಿಟ್ಟು ಪಾಲಿಸಿ ಪಡೆದರೆ ಕ್ಲೇಮು ತಿರಸ್ಕೃತವಾದೀತು.

ಕೆಲವು ವರ್ಷಗಳಿಗೊಮ್ಮೆ ಹಳೆಯ ಹೊದಿಕೆ ಬದಲಿಸುವ ವೆಚ್ಚವನ್ನು ಮಾತ್ರ ಚಾಲ್ತಿ ದುರಸ್ತಿಯೆಂದು ಆಯಾ ವರ್ಷವೇ ಕಳೆಯಬಹುದು. ಹುಲ್ಲು ಮಾರಿದವರಿಂದ, ಹೊದಿಸಿದವರಿಂದ ರಸೀದಿ ಪಡೆದಿಡತಕ್ಕದ್ದು.