ಕಪ್ಪು ಕಳಚಿ ಬಂಗಾರವಾಗುವ ಮೀನು

ಅಕ್ವೇರಿಯಂ ಅಂಗಡಿಯಲ್ಲಿ ಮೈಮೇಲೆ ಕಪ್ಪು ಪಟ್ಟೆಯಿರುವ ಬೂದು ಮರಿಯೊಂದನ್ನು ತೋರಿಸಿ, ‘ಇದು ಫೇಡರ್ ಸಾರ್, ಸ್ವಲ್ಪ ತಿಂಗಳು ತಡೀರಿ, ಬಂಗಾರ ಆಗುತ್ತೆ’ ಎಂದರೆ ತಕ್ಷಣ ನಗಬೇಡಿ. ಆದರೂ ಆಗಬಹುದು. ಕೆಲವು ಸಿಕ್ಲಿಡ್ ಮೀನುಗಳು ಬೂದಾಗಿ ಹುಟ್ಟಿ, ಬೆಳೆಯುತ್ತ ಬೆಳೆಯುತ್ತ ಕಪ್ಪನ್ನೆಲ್ಲ ಕಳಚಿಕೊಂಡು ಹಳದಿ, ಕಿತ್ತಳೆ ಅಥವಾ ಬಿಳಿ ಬಣ್ಣಕ್ಕೆ ತಿರುಗುತ್ತವೆ. ಅವೇ ಫೇಡರ್‌ಗಳು. ಒಮ್ಮೆ ಹೋದ ಕಪ್ಪು ಮತ್ತೆ ಬರುವುದಿಲ್ಲ.

ಈ ಗುಣವನ್ನು ವಿಜ್ಞಾನಿಗಳು ಹೆಚ್ಚು ವಿವರವಾಗಿ ನೋಡಿರುವುದು ಮಧ್ಯ ಅಮೆರಿಕದ ಮಿಡಾಸ್ ಸಿಕ್ಲಿಡ್‌ನಲ್ಲಿ. ನಿಕರಾಗುವಾ ದೇಶದ ದೊಡ್ಡ ಸರೋವರಗಳೂ ಅಲ್ಲಿನ ಜ್ವಾಲಾಮುಖಿ ಕುಳಿಗಳಲ್ಲಿ ನೀರು ತುಂಬಿ ಆದ ಕೆರೆಗಳೂ ಇದರ ತವರು. ನಮ್ಮ ಕೆರೆಗಳ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಇದರ ದೂರದ ನೆಂಟ. ಮಿಡಾಸ್ ಮರಿಗಳೆಲ್ಲ ಬೂದು ಬಣ್ಣದವೇ. ದೊಡ್ಡವಾದ ಮೇಲೂ ಬಹುಪಾಲು ಹಾಗೆಯೇ ಉಳಿಯುತ್ತವೆ. ಬಂಗಾರಕ್ಕೆ ತಿರುಗುವವು ಸಾಮಾನ್ಯವಾಗಿ ನೂರಕ್ಕೆ ಹತ್ತಕ್ಕಿಂತ ಕಡಿಮೆ.

ತಿರುಗುವ ಹೊತ್ತಿಗೆ ಮೀನು ನೋಡಲು ಚೆನ್ನಾಗಿರುವುದಿಲ್ಲ. ಹಳೇ ಗೋಡೆಯ ಸುಣ್ಣ ಚಕ್ಕೆ ಚಕ್ಕೆಯಾಗಿ ಏಳುವಂತೆ ಅಲ್ಲಲ್ಲಿ ಬೂದು ಹೋಗಿ ಕಿತ್ತಳೆ ಇಣುಕುತ್ತದೆ. ಈಜುರೆಕ್ಕೆಯ ಅಂಚಿನಲ್ಲೋ ತುಟಿಯ ಮೇಲೋ ಒಂದೆರಡು ಕಪ್ಪು ಕಲೆ ತಿಂಗಳುಗಟ್ಟಲೆ ಹಟ ಹಿಡಿದು ಕೂರುತ್ತವೆ. ಹೊಸ ಬಣ್ಣ ಎಲ್ಲಿಂದಲೂ ಬರುತ್ತಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಮೀನಿನ ಚರ್ಮದಲ್ಲಿ ಹಳದಿ-ಕೆಂಪು ತುಂಬಿದ ಕೋಶಗಳೂ ಕಪ್ಪು ತುಂಬಿದ ಮೆಲನೋಫೋರ್ ಕೋಶಗಳೂ ಒಟ್ಟಿಗೇ ಇರುತ್ತವೆ. ಮೆಲನೋಫೋರ್‌ಗಳು ಸತ್ತು ಮಾಯವಾದಾಗ, ಮೊದಲಿಂದಲೂ ಇದ್ದ ಹಳದಿ ಕಣ್ಣಿಗೆ ಬೀಳುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿ ಜಾರ್ಜ್ ಬಾರ್ಲೋ ಮತ್ತು ಸಂಗಡಿಗರು 1980ರ ದಶಕದಲ್ಲಿ ಈ ಕೋಶಗಳ ಸಾವನ್ನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದರು. ಕಣ್ಣಿನ ಕಪ್ಪು ಮಾತ್ರ ಹಾಗೇ ಉಳಿಯುವುದರಿಂದ ಇದು ಆಲ್ಬಿನೋ ಅಲ್ಲ. ಆಲ್ಬಿನೋ ಮೀನಿಗೆ ಹುಟ್ಟುವಾಗಲೇ ಕಪ್ಪು ತಯಾರಿಸಲು ಬರುವುದಿಲ್ಲ.

ಹೆದರಿದ ಮೀನು ನಿಮಿಷದಲ್ಲಿ ಬಿಳಿಚಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆದರಿದಾಗ ಕೋಶದೊಳಗಿನ ಕಪ್ಪು ಕಣಗಳು ನಡುವಿಗೆ ಸರಿದು ಮುದುಡಿಕೊಳ್ಳುತ್ತವೆ, ಗಾಬರಿ ಇಳಿದ ಮೇಲೆ ಮತ್ತೆ ಹರಡುತ್ತವೆ. ನೀರು ಕೆಟ್ಟಾಗಲೂ ಇದೇ ಕಥೆ. ಹಾಗಾಗಿ ಟ್ಯಾಂಕಿಗೆ ಬಿಟ್ಟ ಮರುದಿನ ಮೀನು ಬಿಳಿಚಿಕೊಂಡಂತೆ ಕಂಡರೆ ಫೇಡ್ ಶುರುವಾಯಿತೆಂದು ಹಿಗ್ಗುವ ಮೊದಲು ನೀರನ್ನು ಪರೀಕ್ಷಿಸಬೇಕು.

ಕೋಶ ಸಾಯಲು ಕಾರಣವೇನು? ಜರ್ಮನಿಯ ಕೊನ್‌ಸ್ಟಾನ್ಜ್ ವಿಶ್ವವಿದ್ಯಾಲಯದ ಆಕ್ಸೆಲ್ ಮೇಯರ್ ತಂಡ 2022ರಲ್ಲಿ ಒಂದು ಜೀನನ್ನು ಗುರುತಿಸಿ ಅದಕ್ಕೆ ‘ಗೋಲ್ಡನ್‌ಟಚ್’ ಎಂದು ಹೆಸರಿಟ್ಟಿತು. ಬಂಗಾರದ ಮೀನುಗಳಲ್ಲಿ ಆ ಜೀನಿನ ನಡುವೆ ಸುಮಾರು 8,200 ಅಕ್ಷರಗಳ ಡಿಎನ್‌ಎ ತುಂಡೊಂದು ಬಂದು ಸೇರಿಕೊಂಡಿದೆ. ಜೀನೋಮಿನಲ್ಲಿ ಜಾಗ ಬದಲಿಸುತ್ತ ಅಲೆಯುವ ‘ಟ್ರಾನ್ಸ್‌ಪೋಸಾನ್’ಗಳ ಜಾತಿಗೆ ಸೇರಿದ ತುಂಡು ಅದು. ಬೇರೆ ಬೇರೆ ಕುಳಿ ಕೆರೆಗಳಲ್ಲಿ ಬೇರೆ ಬೇರೆ ಪ್ರಭೇದಗಳಾಗಿ ಕವಲೊಡೆದ ಮಿಡಾಸ್ ಮೀನುಗಳಲ್ಲೂ ಇದೇ ತುಂಡು ಸಿಗುತ್ತದೆ.

ಬಂಗಾರ ಇಷ್ಟು ಅಪರೂಪವಾಗಿ ಉಳಿದದ್ದೇಕೆ? ಕೊಕ್ಕರೆಯಂಥ ಬೇಟೆಗಾರರ ಕಣ್ಣಿಗೆ ಬೀಳುವುದು ಒಂದು ಊಹೆ. ಲಾಭವೂ ಇದೆ. ಒಂದೇ ಗಾತ್ರದ ಬೂದು ಮೀನನ್ನೂ ಬಂಗಾರದ ಮೀನನ್ನೂ ಎದುರುಬದುರು ಬಿಟ್ಟಾಗ ಬಂಗಾರದ್ದೇ ಮೇಲುಗೈ ಎಂದು ಬಾರ್ಲೋ ಪ್ರಯೋಗಗಳು ತೋರಿಸಿದವು. ಜೋಡಿಯಾಗುವಾಗಲೂ ಅವು ತಮ್ಮ ಬಣ್ಣದವರನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ.

1990ರ ದಶಕದಲ್ಲಿ ಮಲೇಷ್ಯಾದವರು ಹಲವು ಅಮೆರಿಕನ್ ಸಿಕ್ಲಿಡ್‌ಗಳನ್ನು ಬೆರೆಸಿ ನೆತ್ತಿಯಲ್ಲಿ ಗುಬುಟಿರುವ ಫ್ಲವರ್‌ಹಾರ್ನ್ ಮಾಡಿದರು. ಅದರಲ್ಲೂ ಫೇಡರ್‌ಗಳಿವೆ. ಆ ಗುಣ ಮಿಡಾಸ್ ರಕ್ತದಿಂದ ಬಂದದ್ದೆಂದು ಸಾಕುವವರು ನಂಬುತ್ತಾರೆ. ಬೆಂಗಳೂರಿನ ಅಂಗಡಿಗಳಲ್ಲಿ ಫೇಡರ್ ಮಾತು ಕೇಳುವುದೂ ಹೆಚ್ಚಾಗಿ ಫ್ಲವರ್‌ಹಾರ್ನ್ ಟ್ಯಾಂಕಿನ ಮುಂದೆಯೇ. ಕಪ್ಪು ಉದುರಿದ ಮೇಲೆ ಕಾಣುವ ಕೆಂಪು ಎಷ್ಟು ಗಾಢ ಎಂಬುದು ಆಹಾರವನ್ನೂ ಅವಲಂಬಿಸಿದೆ. ಆ ಕೆಂಪು ಕೊಡುವ ಕ್ಯಾರೋಟಿನಾಯ್ಡ್‌ಗಳನ್ನು ಮೀನಿನ ದೇಹ ತಾನೇ ತಯಾರಿಸಲಾರದು. ಸಿಗಡಿಯಲ್ಲೋ ಒಳ್ಳೆಯ ಪೆಲೆಟ್ಟಿನಲ್ಲೋ ಅವು ಸಿಗಬೇಕು. ಹಾರ್ಮೋನ್ ತಿನ್ನಿಸಿ ಮರಿಗೇ ಬಣ್ಣ ಬರಿಸುವ ಕಸುಬೂ ಮಾರುಕಟ್ಟೆಯಲ್ಲಿದೆ. ಮನೆಗೆ ತಂದ ಮೇಲೆ ಆ ಬಣ್ಣ ನಿಲ್ಲುವುದಿಲ್ಲ.

ತಳಿ ಬೆಳೆಸುವವರ ಕಷ್ಟ ಬೇರೆ. ಮಿಡಾಸ್‌ನಲ್ಲಿ ಬಂಗಾರದ ಗುಣ ಪ್ರಬಲ, ಅಂದರೆ ತಂದೆ ಅಥವಾ ತಾಯಿಯಿಂದ ಆ ಜೀನಿನ ಒಂದೇ ಪ್ರತಿ ಬಂದರೂ ಸಾಕು. ಆದ್ದರಿಂದ ಬಂಗಾರದ ಮೀನೊಂದನ್ನು ನೋಡಿ ಅದರಲ್ಲಿರುವುದು ಒಂದು ಪ್ರತಿಯೋ ಎರಡೋ ಎಂದು ಹೇಳಲಾಗದು. ಒಂದೊಂದೇ ಪ್ರತಿಯ ಎರಡು ಬಂಗಾರಗಳು ಜೋಡಿಯಾದರೆ ಮರಿಗಳಲ್ಲಿ ಸರಾಸರಿ ಕಾಲು ಭಾಗ ಜೀವನಪೂರ್ತಿ ಬೂದಾಗಿಯೇ ಉಳಿಯುತ್ತವೆ. ಒಂದೇ ಸಲಕ್ಕೆ ನೂರಾರು ಮೊಟ್ಟೆ. ಮರಿಗಳೆಲ್ಲ ಒಂದೇ ಬಣ್ಣ. ಯಾವುದು ತಿರುಗುತ್ತದೆಂದು ತಿಳಿಯುವಷ್ಟರಲ್ಲಿ ತಿಂಗಳುಗಟ್ಟಲೆ ಮೇವು ಹಾಕಿ ಆಗಿರುತ್ತದೆ.

ಹೆಚ್ಚಿನವರು ಆಗ ತಿರುಗದ ಬೂದು ಮೀನುಗಳನ್ನು ಕಸವೆಂದು ಬಿಸಾಡುತ್ತಾರೆ. ನಿಜವಾಗಿ ಇಟ್ಟುಕೊಳ್ಳಬೇಕಾದದ್ದು ಅವುಗಳಲ್ಲೊಂದನ್ನು. ಪೂರ್ತಿ ವಯಸ್ಸಾದರೂ ಬೂದಾಗಿಯೇ ಉಳಿದ ಮೀನಿನಲ್ಲಿ ಬಂಗಾರದ ಪ್ರತಿ ಇಲ್ಲವೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಅದರ ಜೊತೆ ಅನುಮಾನದ ಬಂಗಾರವನ್ನು ಜೋಡಿ ಮಾಡಿ, ಹತ್ತು ಮರಿಗಳನ್ನು ದೊಡ್ಡದು ಮಾಡಿ ನೋಡಿ. ಒಂದಾದರೂ ಬೂದಾಗಿ ಉಳಿದರೆ ಆ ಬಂಗಾರದಲ್ಲಿರುವುದು ಒಂದೇ ಪ್ರತಿ. ಹತ್ತೂ ತಿರುಗಿದರೆ ನೆಮ್ಮದಿಯಿಂದ ತಳಿಗೆ ಇಟ್ಟುಕೊಳ್ಳಬಹುದು, ಏಕೆಂದರೆ ಒಂದೇ ಪ್ರತಿಯ ಮೀನಿನಿಂದ ಹಾಗಾಗುವ ಸಂಭವ 1,024ರಲ್ಲಿ ಒಂದು.