ಮಳೆ ಲೆಕ್ಕದ ಡೈರಿ

ಜನವರಿ ಬಂತೆಂದರೆ ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೆ ಹೊಸ ಡೈರಿಗಳು ಬರುತ್ತವೆ. ವಿಮಾ ಏಜೆಂಟರು, ಬ್ಯಾಂಕಿನವರು, ಬೀಜ-ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಡುತ್ತಾರೆ. ಕಥೆ ಬರೆಯುವ ಮಾಸ್ತರರು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಮುಗಿಸಬೇಕಾದ ವಿದ್ಯಾರ್ಥಿ, ಮೊದಲ ಕವನ ಸಂಕಲನ ತರಬೇಕೆನ್ನುವ ಹುಡುಗಿ ಮೊದಲ ಪುಟದಲ್ಲಿ ವರ್ಷದ ಗುರಿ ಬರೆಯುತ್ತಾರೆ. ಫೆಬ್ರುವರಿ ಹೊತ್ತಿಗೆ ಆ ಡೈರಿಯಲ್ಲಿ ಕೂಲಿಯವರ ಪಗಾರ, ತೊಗರಿ ಚೀಲಗಳ ಲೆಕ್ಕ ತುಂಬಿರುತ್ತದೆ. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜನವರಿ ಒಂದರಿಂದ ಶುರುವಾಗುವ ಯೋಜನೆಯೇ ಈ ನೆಲಕ್ಕೆ ಹೊಂದುವುದಿಲ್ಲ.

ಡಿಸೆಂಬರ್, ಜನವರಿ ಇಲ್ಲಿ ತೊಗರಿ ರಾಶಿಯ ಕಾಲ. ಹವಳಗಾ, ಭೂಸನೂರು ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಸಾಗುವುದೂ ಆಗಲೇ. ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದರೆ ಮುಂದೆ ಬಿಳಿಜೋಳದ ಸುಗ್ಗಿ ಕಾದಿರುತ್ತದೆ. ನೌಕರಿಯಲ್ಲಿದ್ದವರಿಗೂ ಹೊಲದ ಸಂಬಂಧ ತಪ್ಪಿದ್ದಲ್ಲ. ರವಿವಾರ ಅವರು ಊರಲ್ಲಿರಲೇಬೇಕು. ವರ್ಷದ ಅತ್ಯಂತ ಬಿಡುವಿಲ್ಲದ ದಿನಗಳಲ್ಲಿ ಅತಿ ದೊಡ್ಡ ಸಂಕಲ್ಪ ತೊಟ್ಟರೆ ಅದು ಉಳಿಯುವುದಾದರೂ ಹೇಗೆ?

ಈ ಸೀಮೆಯ ರೈತರ ಬಳಿ ಬೇರೆ ಲೆಕ್ಕವಿದೆ. ಸೂರ್ಯ 27 ನಕ್ಷತ್ರಗಳಲ್ಲಿ ಒಂದೊಂದರಲ್ಲೂ 13–14 ದಿನ ಇರುತ್ತಾನೆ; ಆ ಅವಧಿಯನ್ನೇ ಆ ನಕ್ಷತ್ರದ ಮಳೆ ಎನ್ನುತ್ತಾರೆ. ಜೂನ್ 7–8ರ ಸುಮಾರಿಗೆ ಮಿರಗ, ಅಂದರೆ ಮೃಗಶಿರಾ, ಕೂಡುತ್ತದೆ, ಆಮೇಲೆ ಆರಿದ್ರಾ. ತೊಗರಿ ಬಿತ್ತನೆಯ ಮಾತೆಲ್ಲ ಈ ಮಳೆಗಳ ಹೆಸರಿನಲ್ಲೇ ನಡೆಯುತ್ತದೆ. ಬರೆಯುವವರು ಇದನ್ನೇ ಅಳತೆಯಾಗಿ ಹಿಡಿಯಬೇಕೆಂಬುದು ನನ್ನ ಆಗ್ರಹ. ತಿಂಗಳು ತೀರ ಉದ್ದ, ಮೊದಲ ವಾರ ಹಾಳಾದರೂ ಇನ್ನೂ ಇದೆಯಲ್ಲ ಎನ್ನಿಸುತ್ತದೆ. ವಾರ ತೀರ ಸಣ್ಣದು, ಒಂದು ಮದುವೆ, ಒಂದು ಜ್ವರಕ್ಕೇ ಮುಗಿಯುತ್ತದೆ. ದಿನಕ್ಕೆ 200 ಪದದಂತೆ 13 ದಿನ ಬರೆದರೆ 2,600 ಪದ; ಒಂದು ಮಳೆ ಮುಗಿಯುವಷ್ಟರಲ್ಲಿ ಒಂದು ಸಣ್ಣಕಥೆಯ ಕರಡು ಸಿದ್ಧ. ಆಗಸ್ಟ್ ನಡುವಿನ ಮಘಾದಿಂದ ಹುಬ್ಬಾ ದಾಟಿ ಉತ್ತರಿಯವರೆಗೆ, ಕಳೆ ತೆಗೆದಾದ ಮೇಲೆ ಹಿಂಗಾರಿ ಬಿತ್ತನೆಗೆ ಮುಂಚೆ, ಕೈಗೆ ತುಸು ಬಿಡುವು ಸಿಗುತ್ತದೆ. ದೊಡ್ಡ ಕೆಲಸವನ್ನು ಅಲ್ಲಿಗಿಡಿ. ರಾಶಿಯ ದಿನಗಳಿಗೆ ಓದು, ಟಿಪ್ಪಣಿ, ತಿದ್ದುವ ಕೆಲಸ ಸಾಕು.

ಡೈರಿಯಲ್ಲಿ ಬರೆಯಬೇಕಾದದ್ದು ಆಸೆಯನ್ನಲ್ಲ, ಆದ ಕೆಲಸವನ್ನು. ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರೊಲಪ್ ಅಂಚೆ ಇಲಾಖೆಯ ನೌಕರ. ಪ್ರತಿ ಹೊಸ ಪುಸ್ತಕಕ್ಕೂ ವಾರವಾರು ಗೆರೆ ಹಾಕಿದ ಡೈರಿ ಇಟ್ಟು, ದಿನವೂ ಬರೆದ ಪುಟಗಳನ್ನು ದಾಖಲಿಸುತ್ತಿದ್ದರು. ವಾರಕ್ಕೆ ಸರಾಸರಿ 40 ಪುಟ, ಪುಟಕ್ಕೆ 250 ಪದ. ದೂರದ ಉದಾಹರಣೆ ಎನ್ನಿಸಿದರೆ ನಮ್ಮ ಗೀತಾ ನಾಗಭೂಷಣ ಅವರನ್ನು ನೆನೆಯಿರಿ. ಕಲಬುರಗಿ ತಾಲ್ಲೂಕಿನ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದವರು, ಗಿರಣಿ ಕಾರ್ಮಿಕನ ಮಗಳು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು, ಆಮೇಲೆ ಓದು ಮುಂದುವರಿಸಿ ಉಪನ್ಯಾಸಕಿಯಾದರು. ಇಷ್ಟರ ನಡುವೆ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಬಿಡುವು ಸಿಕ್ಕಾಗ ಬರೆಯುತ್ತೇನೆ ಎಂದು ಕಾದಿದ್ದರೆ ಅಷ್ಟು ಪುಸ್ತಕಗಳು ಆಗುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ದುಬಾರಿ ಪ್ಲ್ಯಾನರ್ ಬೇಕಿಲ್ಲ. ಗೋಡೆಗೆ ತೂಗುಹಾಕಿದ ಗದಗಿನ ಪಂಚಾಂಗ ಕ್ಯಾಲೆಂಡರಿನಲ್ಲಿ ಮಳೆ ಕೂಡುವ ದಿನವಿದೆ, ಅಮಾವಾಸ್ಯೆಯಿದೆ, ಹಾಲಿನ ಲೆಕ್ಕ ಬರೆಯುವ ಜಾಗವೂ ಇದೆ. ಅದೇ ಜಾಗದಲ್ಲಿ ಪುಟದ ಲೆಕ್ಕವೂ ಹಿಡಿಸುತ್ತದೆ. ಮನೆಮಂದಿಯ ಕಣ್ಣಿಗೆ ಬೀಳುವುದು ಇದರ ದೊಡ್ಡ ಲಾಭ. ಮೂರು ದಿನ ಖಾಲಿ ಬಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೇಳುವವರು ಇರಬೇಕು ಎಂಬುದನ್ನು ಈ ಭಾಗದ ಭಜನಿ ಮೇಳಗಳಿಂದ ಕಲಿಯಬಹುದು. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಜೇವರ್ಗಿ ಸೀಮೆಯಲ್ಲಿ ತಲೆಮಾರು ದಾಟಿ ಬಂದದ್ದು ಏಕತಾರಿ ಹಿಡಿದು ಕೂಡುವ ಜನರಿಂದ. ಅಮಾಸಿ ರಾತ್ರಿ ಭಜನಿ ಎಂದರೆ ಭಜನಿ, ಮನಸ್ಸು ಬಂದಾಗಲಲ್ಲ. ನಾಲ್ಕೈದು ಬರಹಗಾರರು ಅಮಾಸಿಗೊಮ್ಮೆ ಕೂತು, ಬರೆದದ್ದನ್ನು ಓದಿಕೊಂಡರೆ ತಿಂಗಳಿಗೊಂದು ಗಡುವು ತಾನಾಗಿ ಹುಟ್ಟುತ್ತದೆ. ಹೊರಗಿನ ಗಡುವುಗಳೂ ಇವೆ: ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆ, ಗುಲಬರ್ಗಾ ವಿಶ್ವವಿದ್ಯಾಲಯದ ರಾಜ್ಯೋತ್ಸವ ಪುಸ್ತಕ ಪ್ರಶಸ್ತಿ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನ. ಪ್ರಕಟಣೆ ಬಂದ ದಿನವೇ ಕೊನೆಯ ದಿನಾಂಕ ಗುರುತುಮಾಡಿ, ಅಲ್ಲಿಂದ ಎರಡು ಮಳೆ ಹಿಂದಕ್ಕೆ ಎಣಿಸಿ ಕರಡು ಶುರುಮಾಡಬೇಕು. ಒಂದು ಬರೆಯಲು, ಇನ್ನೊಂದು ತಿದ್ದಲು.

ಇಷ್ಟಾದರೂ ಯೋಜನೆ ಮುರಿಯುವ ವರ್ಷಗಳು ಬರುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಹರಿದಾಗ ಅಫಜಲಪುರ, ಜೇವರ್ಗಿಯ ನದಿದಂಡೆಯ ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಿದರು. ಅಂಥ ದಿನಗಳಲ್ಲಿ ಪುಟದ ಲೆಕ್ಕ ಯಾರೂ ಕೇಳಬಾರದು. ಆದ್ದರಿಂದ ವರ್ಷದಲ್ಲಿ ಎರಡು ಮಳೆಯನ್ನು ಮೊದಲೇ ಖಾಲಿ ಬಿಡಿ. ತಪ್ಪಿದ ಪುಟಗಳನ್ನು ಬಾಕಿಯೆಂದು ಮುಂದಿನ ಲೆಕ್ಕಕ್ಕೆ ಸೇರಿಸಬೇಡಿ. ಬಾಕಿ ಬೆಳೆದಷ್ಟೂ ಡೈರಿ ತೆರೆಯಲು ಕೈ ಹಿಂಜರಿಯುತ್ತದೆ. ಮುಂದಿನ ಮಳೆ ಕೂಡಿದ ದಿನ ಮತ್ತೆ 200 ಪದದಿಂದಲೇ ಶುರುಮಾಡಿದರಾಯಿತು.