ತಾಮ್ರವನ್ನು ಹಿಡಿದ ಗಾಜು

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ, ಇಳಿಜಾರು ಚಾವಣಿಯ ಪುಟ್ಟ ಮನೆಯನ್ನು ಹೋಲುವ ಪೆಟ್ಟಿಗೆಯೊಂದಿದೆ. ಅದರ ಎತ್ತರ ಸುಮಾರು 30 ಸೆಂಟಿಮೀಟರು. 1170ರಲ್ಲಿ ಕ್ಯಾಂಟರ್ಬರಿಯ ಇಗರ್ಜಿಯೊಳಗೇ ದೊರೆಯ ಕಡೆಯ ಯೋಧರ ಕತ್ತಿಗೆ ಬಲಿಯಾದ ಆರ್ಚ್‌ಬಿಷಪ್ ಟಾಮಸ್ ಬೆಕೆಟನ ಅವಶೇಷಗಳನ್ನು ಇರಿಸಲೆಂದು, 1180–90ರ ಸುಮಾರಿನಲ್ಲಿ ಫ್ರಾನ್ಸಿನ ಲಿಮೋಜ್ ಪಟ್ಟಣದ ಕುಶಲಕರ್ಮಿಗಳು ಇದನ್ನು ನಿರ್ಮಿಸಿದರು. ಮುಂಬದಿಯಲ್ಲಿ ಆ ಕೊಲೆಯ ದೃಶ್ಯವೇ ಇದೆ. ಹೊಂಬಣ್ಣದ ಆಕೃತಿಗಳ ಹಿಂದೆ ಹರಡಿರುವ ನೀಲಿ, ಕುಂಚದಿಂದ ಬಳಿದ ಬಣ್ಣವಲ್ಲ. ಅದು ಎನಾಮಲ್, ಎಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು.

ಎನಾಮಲ್ ತಟ್ಟೆಯನ್ನು ಕೈಜಾರಿ ಬೀಳಿಸಿದವರಿಗೆ, ಲೇಪವು ಎಷ್ಟು ಸುಲಭವಾಗಿ ಚಕ್ಕೆಯೇಳುವುದೆಂಬುದು ತಿಳಿದೇ ಇದೆ. ಹಾಗಾದರೆ ಈ ಗಾಜು ಎಂಟು ಶತಮಾನಗಳ ಕಾಲ ಉಳಿದದ್ದು ಹೇಗೆ?

ಮೊದಲು ದಪ್ಪ ತಾಮ್ರದ ತಗಡಿನಲ್ಲಿ ಗುಳಿಗಳನ್ನು ಕೆತ್ತಿ, ಒದ್ದೆಯಾದ ಗಾಜಿನ ಪುಡಿಯನ್ನು ತುಂಬಿ, ಒಣಗಿಸಿ, ಕುಲುಮೆಯಲ್ಲಿಡುತ್ತಿದ್ದರು. ಈ ಗಾಜು ಸುಮಾರು 800 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ತಾಮ್ರ ಕರಗಲು 1,085 ಡಿಗ್ರಿ ಬೇಕು. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಕೆಂಪಗೆ ಕಾದ ಲೋಹದ ಹೊಳಪೊಂದೇ ಗುರುತು. ಕರಗಿದ ಪುಡಿ ಕುಗ್ಗುವುದರಿಂದ ಮತ್ತೆ ಮತ್ತೆ ತುಂಬಿ ಸುಡಬೇಕು. ಚಿನ್ನದ ಲೇಪ ಕೊನೆಯದು: ಪಾದರಸದಲ್ಲಿ ಕಲಸಿದ ಚಿನ್ನವನ್ನು ಸವರಿ ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ನಿಲ್ಲುವುದು. (ಆ ಆವಿ ವಿಷ, ಹೊಳಪಿನ ಬೆಲೆಯನ್ನು ತೆತ್ತವರು ಕೆಲಸಗಾರರು.)

ಬೆಸುಗೆಯ ರಹಸ್ಯ ಎರಡು ಬಗೆಯದು. ತಾಮ್ರದ ಮೇಲಿನ ತೆಳುವಾದ ಆಕ್ಸೈಡ್ ಪದರವು ದ್ರವಗಾಜಿನಲ್ಲಿ ಕರಗಿ ಎರಡನ್ನೂ ಕೂಡಿಸುವುದು. ಆರುವಾಗ ತಾಮ್ರ ಗಾಜಿಗಿಂತ ಹೆಚ್ಚು ಕುಗ್ಗಿ, ಗಾಜನ್ನು ಎಲ್ಲ ಕಡೆಯಿಂದಲೂ ಒತ್ತಿ ಹಿಡಿಯುವುದು. ಎಳೆತಕ್ಕೆ ಬಿರಿಯುವ ಗಾಜು ಒತ್ತಡವನ್ನು ಚೆನ್ನಾಗಿಯೇ ತಾಳಬಲ್ಲದು.

ಇನ್ನು ಗಾಜಿನ ಮೂಲ. ಹಳೆಯ ಕಟ್ಟಡಗಳ ಮೊಸಾಯಿಕ್‌ನಿಂದ ಬಣ್ಣದ ಗಾಜಿನ ತುಣುಕುಗಳನ್ನು ತೆಗೆದು ಎನಾಮಲಿಗೆ ಬಳಸುವುದನ್ನು 12ನೆಯ ಶತಮಾನದ ಸಂನ್ಯಾಸಿ ಥಿಯೋಫಿಲಸ್ ಬರೆದಿದ್ದಾನೆ. ರಾಸಾಯನಿಕ ವಿಶ್ಲೇಷಣೆಯೂ ಇದನ್ನು ಸಮರ್ಥಿಸುತ್ತದೆ. ಆ ಶತಮಾನದ ಲಿಮೋಜ್ ಗಾಜನ್ನು ಅಪಾರದರ್ಶಕವಾಗಿಸಿದ್ದು, ರೋಮನರ ಗಾಜಿನಲ್ಲಿರುವಂತೆ, ಆಂಟಿಮೊನಿ. 13ನೆಯ ಶತಮಾನದಲ್ಲಿ ಆ ಸ್ಥಾನಕ್ಕೆ ತವರ ಬಂದಿತು.

ಸಂಗ್ರಹಾಲಯಗಳಿಗೆ ಈ ವಿಶ್ಲೇಷಣೆ ಕೇವಲ ಕುತೂಹಲದ ವಿಷಯವಲ್ಲ. 19ನೆಯ ಶತಮಾನದಲ್ಲಿ ಇಂಥ ವಸ್ತುಗಳಿಗೆ ಬೇಡಿಕೆ ಏರಿದಾಗ ನಕಲುಗಳೂ ತಯಾರಾದವು. ಕ್ರೋಮಿಯಂ ಪತ್ತೆಯಾದದ್ದು 1797ರಲ್ಲಿ. ಹಸಿರು ಬಣ್ಣವನ್ನು ಅದರಿಂದಲೇ ಪಡೆದ ಗಾಜು ಮಧ್ಯಯುಗದ್ದಾಗಲಾರದು. ಆದರೆ ಒಂದೇ ಗುಳಿಯಲ್ಲಿ ಅದು ಸಿಕ್ಕಿದ ಮಾತ್ರಕ್ಕೆ ಇಡೀ ಪೆಟ್ಟಿಗೆಯನ್ನು ನಕಲೆನ್ನುವಂತಿಲ್ಲ. ಅಷ್ಟು ಭಾಗ ದುರಸ್ತಿಯಾಗಿರಬಹುದು.